ಶಿರೂರಿನ ಬಲ್ಬು

ಅಟ್ಟದಿಂದ ಇಳಿಸಿದ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಧೂಳು ಹೋಯಿತು, ವಾಸನೆ ಹೋಗಲಿಲ್ಲ. ಕಾಫಿ ಪುಡಿ, ಕಾದ ಎಣ್ಣೆ, ಯಾವಾಗಲೋ ಸುಟ್ಟಿದ್ದ ವೈರಿನ ಕಮಟು... ಹಲಗೆಯ ಹಿಂಬದಿಯಲ್ಲಿ ಹಳದಿ ಬಣ್ಣದ ಮರಾಠಿ ಅಕ್ಷರಗಳು ಇನ್ನೂ ಕಾಣುತ್ತವೆ: ಇಡ್ಲಿ, ಮೆದುವಡಾ, ಉತ್ತಪ್ಪಾ. ಒಂದು ಕಾಲದಲ್ಲಿ ಅದು ಹೋಟೆಲಿನ ತಿಂಡಿಗಳ ಬೋರ್ಡು. ಮುಂಬದಿಯಲ್ಲಿ ತಿಂಡಿಗಳಿಲ್ಲ, ಊರುಗಳಿವೆ. ಚಾಕಣ, ರಾಂಜಣಗಾಂವ, ಶಿರೂರು, ಇನ್ನೂ ಕೆಲವು. ಪ್ರತಿ ಊರಿನ ಹೆಸರಿನ ಎದುರಿಗೆ ಒಂದು ಕೆಂಪು, ಒಂದು ಹಸಿರು ಪುಟ್ಟ ಬಲ್ಬು.

ಮೊನ್ನೆ ಇದನ್ನು ಮಾಡಿಸಿದವರ ತಮ್ಮ ಫೋನು ಮಾಡಿದ್ದರು. ಹೋಟೆಲಿಗೆ ಹೊಸ ಬಣ್ಣ ಹೊಡೆಸುತ್ತಿದ್ದಾರಂತೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅಕ್ಕನ ಫೋಟೋ, ಅದರ ಕೆಳಗೆ ಈ ಹಲಗೆ ತೂಗುಹಾಕಬೇಕು ಅಂತ ಅವರ ಆಸೆ. "ನಿಮ್ಮ ಹತ್ರ ಉಂಟು ಅಂತ ಅಕ್ಕ ಹೇಳ್ತಿದ್ದಳು. ಕೊಡ್ಲಿಕ್ಕೆ ಆಗ್ತದಾ?" ಎಂದು ಬಹಳ ಸಂಕೋಚದಿಂದ ಕೇಳಿದರು. "ನೋಡ್ತೀನ್ರಿ, ಎಲ್ಲಿ ಅದನೋ ಏನೋ," ಎಂದೆ. ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕೊಡಲು ಮನಸ್ಸಿರಲಿಲ್ಲ, ಅಷ್ಟೆ.

ಆ ಅಕ್ಕನನ್ನು ನಾನು ಹೆಸರು ಹಿಡಿದು ಕರೆದವನಲ್ಲ. ಆಫೀಸಿನಲ್ಲಿ ಮೇಡಮ್ಮಾರ ಎನ್ನುತ್ತಿದ್ದೆ, ಆ ಮರ್ಯಾದೆಯಲ್ಲಿ ಸ್ವಲ್ಪ ಚುಚ್ಚು ಇರುತ್ತಿತ್ತು. ಮನಸ್ಸಿನಲ್ಲಿ ಅವರು ಎದುರಿನ ಮೇಜಿನವರು. ಇಲ್ಲಿಯೂ ಹಾಗೆಯೇ ಇರಲಿ.

ಅವರು ಬರುವ ಮೊದಲು ನಾನು ಯಾರಾಗಿದ್ದೆ ಎಂದು ಹೇಳದೆ ಹೋದರೆ ನನ್ನ ಹೊಟ್ಟೆಕಿಚ್ಚಿಗೆ ಅರ್ಥವಿರುವುದಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಪುಣೆಯ ಕರ್ವೆ ರಸ್ತೆಯ ಒಂದು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಲಾರಿ ತೂಗುವ ಕಾಟಾಗಳಿಗೆ ನಾವು ಪ್ರೋಗ್ರಾಮು ಬರೆಯುತ್ತಿದ್ದೆವು. ಲಾರಿ ಬಂದು ಕಾಟಾದ ಮೇಲೆ ನಿಂತರೆ ಕಂಪ್ಯೂಟರು ತೂಕ ಓದಿ ಚೀಟಿ ಹೊರಹಾಕಬೇಕು, ಆ ಚೀಟಿ ತೋರಿಸಿದರೆ ಗೇಟು ತೆರೆಯಬೇಕು. ಕೆಲಸ ಎಲ್ಲ ಕಡೆ ಒಂದೇ. ಆದರೆ ಒಂದೊಂದು ಊರಿನವರಿಗೆ ಒಂದೊಂದು ಹಟ. ಚಾಕಣದ ಕಾರ್ಖಾನೆಗೆ ಚೀಟಿ ಇಂಗ್ಲಿಷಿನಲ್ಲೇ ಬೇಕು, ಮೂಲೆಯಲ್ಲಿ ಬಾರ್‌ಕೋಡ್ ಬೇಕು. ರಾಂಜಣಗಾಂವದವರಿಗೆ ಮರಾಠಿಯೂ ಬೇಕು, ಡ್ರೈವರನಿಗೊಂದು ಗೇಟಿಗೊಂದು ಅಂತ ಎರಡು ಪ್ರತಿ ಬೇಕು. ಶಿರೂರಿನ ಈರುಳ್ಳಿ ಶೇಠರ ಕಾಟಾದಲ್ಲಿ ಕರಕರ ಸದ್ದು ಮಾಡುವ ಹಳೆಯ ಪ್ರಿಂಟರು, ಮತ್ತು ಚೀಟಿಯ ನೆತ್ತಿಯ ಮೇಲೆ ಎರಡೆರಡು ಗೆರೆಗಳ ನಡುವೆ 'ಶ್ರೀ' ಇರಲೇಬೇಕು. ಶ್ರೀ ಇಲ್ಲದ ಚೀಟಿಯನ್ನು ಅಲ್ಲಿನ ವ್ಯಾಪಾರಿಗಳು ಕೈಯಲ್ಲೂ ಹಿಡಿಯುತ್ತಿರಲಿಲ್ಲ.

ನಾವು ಬರೆದದ್ದನ್ನು ಗಿರಾಕಿಯ ಕಂಪ್ಯೂಟರಿನಲ್ಲಿ ಓಡುವಂತೆ ಕಟ್ಟಿಕೊಡುವುದಕ್ಕೆ ಬಿಲ್ಡ್ ಎನ್ನುತ್ತಾರೆ. ಎಲ್ಲ ಊರಿನ ಬಿಲ್ಡೂ ನನ್ನ ಕೈಯಿಂದಲೇ ಆಗಬೇಕಿತ್ತು. ನಾನು ಮಾಡಿಕೊಂಡಿದ್ದ ವ್ಯವಸ್ಥೆ ಸರಳ. ಊರಿಗೊಂದು ಪೂರ್ತಿ ಪ್ರತಿ. ಹೊಸ ಗಿರಾಕಿ ಬಂದರೆ ಹಳೆಯ ಗಿರಾಕಿಯ ಪ್ರತಿಯನ್ನು ಇಡಿಯಾಗಿ ನಕಲು ಮಾಡಿ ಬೇಕಾದಲ್ಲಿ ತಿದ್ದುವುದು. ಚಾಕಣದಲ್ಲಿ ಒಂದು ತಪ್ಪು ಸಿಕ್ಕಿದರೆ ಚಾಕಣದ ಪ್ರತಿಯಲ್ಲಿ ಸರಿಮಾಡಿ, ಆಮೇಲೆ ಉಳಿದ ಊರುಗಳ ಪ್ರತಿಗಳಲ್ಲೂ ಹುಡುಕಿ ಸರಿಮಾಡುವುದು. ಯಾವ ಊರಿನದರಲ್ಲಿ ಏನು ಬೇರೆ ಎನ್ನುವುದು ನನ್ನ ತಲೆಯಲ್ಲಿ ಮಾತ್ರ ಇತ್ತು. ಅದರಿಂದ ಕೆಲಸ ಹೆಚ್ಚುತ್ತಿತ್ತು, ನಿಜ. ಮರ್ಯಾದೆಯೂ ಹೆಚ್ಚುತ್ತಿತ್ತು. ಕಂಪನಿಯ ಒಡೆಯರಾದ ಸಾಹೇಬರು ಯಾರಿಗೇ ಮಾತು ಕೊಡುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ನನ್ನ ಮುಖ ನೋಡುತ್ತಿದ್ದರು. ವಿಜಾಪುರದಿಂದ ಬಂದು ಇಲ್ಲಿ ಒಬ್ಬರ ಅಡತಿ ಅಂಗಡಿಯಲ್ಲಿ ಜೀವಮಾನವಿಡೀ ಗುಮಾಸ್ತನಾಗಿದ್ದವರ ಮಗ ನಾನು. ನಮ್ಮಪ್ಪನ ಮುಖವನ್ನು ಯಾರೂ ಹಾಗೆ ಕಾದು ನೋಡಿದವರಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಶಿರೂರು. ಸಿಡಿಯನ್ನು ಕೈಚೀಲದಲ್ಲಿಟ್ಟುಕೊಂಡು ಎಸ್.ಟಿ. ಎನ್ನುವ ಸರಕಾರಿ ಬಸ್ಸಿನಲ್ಲಿ ಹೋಗಿ ಇಳಿದರೆ, ಈರುಳ್ಳಿ ಚೀಲಗಳ ಮೇಲೆ ಕೂತ ಶೇಠರು ದೂರದಿಂದಲೇ "ಆಲೇ, ಆಮಚೇ ಕಾನಡೀ ಸಾಹೇಬ ಆಲೇ!" ಎಂದು ಕೂಗುತ್ತಿದ್ದರು. ಅವರ ಕನ್ನಡದ ಸಾಹೇಬ ನಾನು! ಅವರು ತರಿಸಿದ ಚಹಾ ಕುಡಿದು, ಮೊದಲ ಚೀಟಿ ಕರಕರ ಹೊರಬಂದು ಶೇಠರು ಅದನ್ನು ಹಣೆಗೆ ಒತ್ತಿಕೊಳ್ಳುವುದನ್ನು ನೋಡಿ ವಾಪಸು ಬಸ್ಸು ಹತ್ತಿದರೆ, ಪುಣೆ ಮುಟ್ಟುವವರೆಗೂ ನನ್ನ ಎದೆ ಉಬ್ಬಿಯೇ ಇರುತ್ತಿತ್ತು.

ಇಂಥ ಸುಖದಲ್ಲಿದ್ದಾಗ ಅವರು ಬಂದರು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಪುಣೆಯ ಡೆಕ್ಕನ್ ಬಡಾವಣೆಯಲ್ಲಿ ಹೋಟೆಲು ಇಟ್ಟಿದ್ದ ಉಡುಪಿ ಕಡೆಯವರ ಮಗಳು. ದೊಡ್ಡ ಕಂಪನಿಯೊಂದರಲ್ಲಿದ್ದು, ಮಕ್ಕಳಾದ ಮೇಲೆ ಬಿಟ್ಟು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಕೆಲಸಕ್ಕೆ ಹೊರಟವರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಖಾಲಿ ಇದ್ದ ಮೇಜು ನನ್ನ ಎದುರಿನದೇ ಆದ್ದರಿಂದ ಅಲ್ಲಿ ಕೂತರು. ಮೊದಲ ದಿನವೇ ನನ್ನ ಪ್ರತಿಗಳ ಸಾಲನ್ನು ಪರದೆಯ ಮೇಲೆ ಕೆಳಗಿನವರೆಗೂ ಎಳೆದು ನೋಡಿ, "ಒಂದೇ ಪ್ರೋಗ್ರಾಮಿಗೆ ಇಷ್ಟು ಪ್ರತಿ ಎಂತಕ್ಕೆ ಮಾರಾಯ್ರೆ?" ಎಂದು ಕೇಳಿದರು.

"ಒಂದೊಂದ ಊರಿಂದು ಒಂದೊಂದ ತರಾ ಅದರೀ ಮೇಡಮ್ಮಾರ. ನಿಮಗ ತಿಳಿಯಾಕ ಭಾಳ ದಿನಾ ಬೇಕು," ಎಂದೆ.

ಅವರು ಬೇಸರಪಡಲಿಲ್ಲ. "ನಮ್ಮ ಹೋಟೆಲಿನಲ್ಲಿ ದೋಸೆಗೆ ಒಂದು ಹಿಟ್ಟು, ಉತ್ತಪ್ಪಕ್ಕೆ ಒಂದು ಹಿಟ್ಟು ಅಂತ ಬೇರೆ ಬೇರೆ ರುಬ್ಬುದಿಲ್ಲ. ಹಿಟ್ಟು ಒಂದೇ. ಕಾವಲಿ ಮೇಲೆ ಬಿದ್ದ ಮೇಲೆ ಬೇರೆ ಆಗುದು," ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆಮೇಲಿನ ವಾರಗಳಲ್ಲಿ ಅವರು ನನ್ನನ್ನು ಕೂರಿಸಿಕೊಂಡು ಕೇಳಿದ್ದೇ ಕೇಳಿದ್ದು. ಮುಚ್ಚಿಡುವ ಮಾತಿರಲಿಲ್ಲ, ನನಗೂ ಹೇಳುವ ಚಪಲ. ಹೇಳುತ್ತ ಹೋದಷ್ಟೂ ಇದು ನಿಮ್ಮ ಕೈಲಾಗದ ಕೆಲಸ ಎಂದು ತೋರಿಸಿದಂತಾಗುತ್ತದೆ ಎಂದುಕೊಂಡಿದ್ದೆ. ನಾನು ಏನು ಹೇಳಿದರೂ ಅವರ ಪ್ರಶ್ನೆ ಒಂದೇ. "ಇದು ಎಲ್ಲರದ್ದಾ, ಒಬ್ಬರದ್ದಾ?" ತೂಕ ಓದುವುದು? ಎಲ್ಲರದ್ದು. ಬಾರ್‌ಕೋಡ್? ಚಾಕಣದವರದ್ದು ಮಾತ್ರ. ಎರಡನೇ ಪ್ರತಿ? ರಾಂಜಣಗಾಂವದ್ದು. ನಾನು ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ್ದು ಅವರ ಈ ಒಂದು ಪ್ರಶ್ನೆಗೆ ಎರಡು ರಾಶಿಯಾಗಿ ಬೀಳುತ್ತಿತ್ತು. ಎಲ್ಲರದ್ದು ಎನ್ನುವ ರಾಶಿ ದೊಡ್ಡದಾಗುತ್ತ ಹೋಯಿತು, ಒಬ್ಬೊಬ್ಬರದ್ದು ಎನ್ನುವುದು ನಾಲ್ಕಾರು ಸಾಲಿಗೆ ಮುಗಿಯುತ್ತಿತ್ತು. ನಾಲ್ಕಾರು ಸಾಲು! ಅದಕ್ಕಾಗಿ ನಾನು ಊರಿಗೊಂದು ಪ್ರತಿ ಸಾಕಿಕೊಂಡಿದ್ದೆ.

ನೀರಿನ ಫಿಲ್ಟರಿನ ಪಕ್ಕದಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರೊಂದನ್ನು ಒರೆಸಿ ಅವರು ಕೆಲಸಕ್ಕೆ ಹಚ್ಚಿದರು. ನಮ್ಮಲ್ಲಿ ಯಾರೇ ಪ್ರೋಗ್ರಾಮಿನಲ್ಲಿ ಒಂದಕ್ಷರ ಬದಲಿಸಿದರೂ ಅದು ತಾನೇ ಎಚ್ಚೆತ್ತುಕೊಂಡು ಎಲ್ಲ ಊರಿನ ಬಿಲ್ಡನ್ನೂ ಕಟ್ಟಿ, ಸುಳ್ಳುಸುಳ್ಳೇ ಲಾರಿ ತೂಗಿ ಪರೀಕ್ಷೆ ಮಾಡಿ, ಸರಿಯೋ ತಪ್ಪೋ ಹೇಳುತ್ತಿತ್ತು. ಅದರೊಳಗೆ ಮೇಲೆ ಎಲ್ಲರಿಗೂ ಸೇರಿದ ಭಾಗ, ಒಂದೇ ಸಲ ಬರೆದದ್ದು. ಅದರ ಕೆಳಗೆ ಒಂದೊಂದು ಊರು. ತಾನು ಉಳಿದವರಿಗಿಂತ ಯಾವುದರಲ್ಲಿ ಬೇರೆ ಎನ್ನುವುದನ್ನಷ್ಟೇ ಊರು ಹೇಳಬೇಕು. ಸುಮ್ಮನಿದ್ದರೆ ಎಲ್ಲರ ಹಾಗೆ ಎಂದರ್ಥ.

ಆ ವರ್ಷ ಆಫೀಸಿನ ಗಣಪತಿ ವಿಸರ್ಜನೆಯಾದ ಮಾರನೆಯ ದಿನ ಮಂಟಪದ ಬಲ್ಬಿನ ಸರವನ್ನು ಬಿಚ್ಚಿ ಎಸೆಯಲು ಹೊರಟಾಗ ಅವರು ಕೈಯೊಡ್ಡಿ ತೆಗೆದುಕೊಂಡರು. ಹೋಟೆಲಿನಿಂದ ಈ ಹಳೆಯ ತಿಂಡಿ ಬೋರ್ಡನ್ನು ತಂದರು. ಹೋಟೆಲಿನ ಎಲೆಕ್ಟ್ರಿಶಿಯನ್ನನ್ನು ಕರೆಸಿ ಸರವನ್ನು ಕತ್ತರಿಸಿ ಒಂದೊಂದು ಬಲ್ಬಿಗೂ ಬೇರೆ ಬೇರೆ ತಂತಿ ಎಳೆಸಿದರು. ಇಷ್ಟು ತಂತಿ ಯಾತಕ್ಕೆ ಎಂದು ಅವನು ಗೊಣಗಿದ್ದಕ್ಕೆ, "ಸರದಲ್ಲಿ ಒಂದು ಹೋದ್ರೆ ಎಲ್ಲ ಹೋಗ್ತದೆ. ನಮಗೆ ಹಾಗೆ ಆಗ್ಬಾರ್ದು," ಎಂದರು. ಬಿಲ್ಡ್ ಸರಿಯಾದರೆ ಊರಿನ ಮುಂದೆ ಹಸಿರು, ಕೆಟ್ಟರೆ ಕೆಂಪು. ಗಣಪತಿ ಕೂತಿದ್ದ ಗೋಡೆಯ ಮೇಲೇ ಹಲಗೆ ಏರಿತು.

ಅವತ್ತಿನಿಂದ ಆಫೀಸಿನಲ್ಲಿ ನನ್ನ ಮುಖವನ್ನು ಯಾರೂ ನೋಡಲಿಲ್ಲ. ಒಳಗೆ ಬಂದವರೆಲ್ಲ ಮೊದಲು ಹಲಗೆ ನೋಡುತ್ತಿದ್ದರು. ಸಾಹೇಬರೂ ಅಷ್ಟೆ. "ಚಾಕಣ ಹಸಿರಾಗಿದೆ," "ರಾಂಜಣಗಾಂವ ಕೆಂಪಾಗಿದೆ" ಎಂದು ಊರುಗಳೇ ಹಣ್ಣಾಗಿ ಕಾಯಾಗುತ್ತಿವೆಯೇನೋ ಎಂಬಂತೆ ಮಾತಾಡುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಕೆಂಪು ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಸುತ್ತುಬಳಸಿ ಹೇಳುವುದು ಏಕೆ, ಅಪ್ಪಟ ಹೊಟ್ಟೆಕಿಚ್ಚು. ಮನೆಗೆ ಬಂದು ಬೂಟು ಬಿಚ್ಚುವ ಮೊದಲೇ ಹೆಂಡತಿ "ಏನ್ರೀ, ನಿಮ್ಮ ಸವತಿ ಇವತ್ತೇನ ಮಾಡಿದ್ಳು?" ಎಂದು ಕೇಳುವಷ್ಟರ ಮಟ್ಟಿಗೆ ಅದು ನನ್ನ ಮುಖದಲ್ಲಿ ಕಾಣುತ್ತಿತ್ತು. ಸವತಿ ಎನ್ನುವ ಮಾತಿಗೆ ನಾನು ಸಿಡುಕಿದಷ್ಟೂ ಅವಳಿಗೆ ಖುಷಿ.

ಅವರು ತಪ್ಪುವುದನ್ನೇ ಕಾಯುತ್ತಿದ್ದೆ. ಕೊನೆಗೆ ತಪ್ಪಿದರು.

ಹೊಸ ವ್ಯವಸ್ಥೆಯಲ್ಲಿ ಕಟ್ಟಿದ ಮೊದಲ ಬಿಲ್ಡು ಎಲ್ಲ ಊರಿಗೂ ಹೋದ ಮರುದಿನ ಚಾಕಣದಿಂದ ಫೋನು ಬಂತು. ಅಲ್ಲಿ ಪರದೇಶದ ಅಧಿಕಾರಿಯೊಬ್ಬರಿದ್ದರು. ಚೀಟಿಯ ತಲೆಯ ಮೇಲೆ ಏನೋ ವಿಚಿತ್ರ ಗುರುತು ಬರುತ್ತಿದೆ, ಪ್ರಿಂಟರು ಕೆಟ್ಟಿದೆಯೇ ಎಂದು ಅವರು ಕೇಳುತ್ತಿದ್ದಾರಂತೆ. ಒಂದು ಚೀಟಿ ಫ್ಯಾಕ್ಸ್ ಮಾಡಿ ಎಂದೆ. ಯಂತ್ರದಿಂದ ಕಾಗದ ನಿಧಾನವಾಗಿ ಹೊರಗೆ ಬಂತು. ಮೊದಲು ಎರಡು ಗೆರೆ, ನಡುವೆ ಶ್ರೀ, ಮತ್ತೆ ಎರಡು ಗೆರೆ! ಕೆಳಗೆ ಅಪ್ಪಟ ಇಂಗ್ಲಿಷು, ಮೂಲೆಯಲ್ಲಿ ಬಾರ್‌ಕೋಡ್. ತಲೆ ಎತ್ತಿ ನೋಡಿದರೆ ಗೋಡೆಯ ಮೇಲೆ ಚಾಕಣ ಹಚ್ಚಹಸಿರಾಗಿ ಉರಿಯುತ್ತಿತ್ತು. ಆಗ ನನಗಾದ ಸಂತೋಷವನ್ನು ಇಲ್ಲಿ ಪೂರ್ತಿ ಬರೆದರೆ ಮನೆಯವರೆದುರು ನಾಚಿಕೆ.

ಫ್ಯಾಕ್ಸ್ ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅವರ ಮೇಜಿಗೆ ಒಯ್ದೆ. ಗದ್ದಲ ಕೇಳಿ ಸಾಹೇಬರೂ ಹೊರಗೆ ಬಂದರು. ಎದುರಿನ ಮೇಜಿನವರು ಚೀಟಿ ನೋಡಿದರು, ನನ್ನನ್ನು ನೋಡಿದರು. "ಅಯ್ಯೋ, ಶ್ರೀ ಶಿರೂರಿನವರಿಗೆ ಮಾತ್ರವಾ? ಬಾಕಿಯವರಿಗೆ ಹಾಕ್ಲಿಕ್ಕೆ ನೀವು ಮರ್ತದ್ದು ಅಂತ ನಾನು ಎಣಿಸಿದ್ದು. ಶ್ರೀ ಬರೀದೆ ಯಾರಾದ್ರೂ ಚೀಟಿ ಶುರು ಮಾಡ್ತಾರಾ ಮಾರಾಯ್ರೆ?"

ಎಲ್ಲದಕ್ಕೂ 'ಎಲ್ಲರದ್ದಾ, ಒಬ್ಬರದ್ದಾ' ಎಂದು ಕೇಳಿದವರು ಇದೊಂದನ್ನು ಮಾತ್ರ ಕೇಳಿರಲಿಲ್ಲ. ಕೇಳಬೇಕು ಎಂದೇ ಅವರಿಗೆ ಅನ್ನಿಸಿರಲಿಲ್ಲ. ಅವರ ತಂದೆ ಮಂಡಿಗೆ ಕಳಿಸುವ ತರಕಾರಿ ಚೀಟಿಯ ಮೇಲೂ ಶ್ರೀ ಬರೆಯುತ್ತಿದ್ದರಂತೆ. ನಮ್ಮಪ್ಪನೂ ಹಾಗೆಯೇ. ಪೆನ್ನು ಬರೆಯುತ್ತದೋ ಇಲ್ಲವೋ ಎಂದು ನೋಡಲು ಗೀಚುವಾಗಲೂ ಮೊದಲು ಶ್ರೀ. ಅವರ ಜಾಗದಲ್ಲಿ ನಾನಿದ್ದರೂ ಅದನ್ನು ಎಲ್ಲರ ರಾಶಿಗೇ ಹಾಕುತ್ತಿದ್ದೆನೇನೋ. ಸಾಹೇಬರೆದುರು ಅದನ್ನು ಹೇಳುವ ಮನಸ್ಸಾಗಲಿಲ್ಲ.

ಇನ್ನು ನನ್ನನ್ನು ಬಿಟ್ಟರೆ ಗತಿಯಿಲ್ಲ ಎಂದುಕೊಂಡೆ. ಶಿರೂರು ಬಿಟ್ಟು ಉಳಿದ ಎಲ್ಲ ಊರಿಗೂ ಹೊಸ ಸಿಡಿ ಆಗಬೇಕು, ಒಯ್ದು ಹಾಕಬೇಕು. ಹೆಲ್ಮೆಟ್ಟು ಕೈಗೆತ್ತಿಕೊಂಡೆ. ಖಾಲಿ ಸಿಡಿಗಳಿಗಾಗಿ ಡ್ರಾಯರು ಎಳೆದೆ. ಅಷ್ಟರಲ್ಲಿ ಅವರು ಶ್ರೀ ಎನ್ನುವ ಒಂದು ಸಾಲನ್ನು ಎಲ್ಲರ ಭಾಗದಿಂದ ತೆಗೆದು ಶಿರೂರಿನ ಕೆಳಗೆ ಇಟ್ಟಿದ್ದರು. ಮೂಲೆಯ ಕಂಪ್ಯೂಟರು ಗುಂಯ್ಗುಟ್ಟಿತು. ಹಲಗೆಯ ಬಲ್ಬುಗಳೆಲ್ಲ ಆರಿ, ಒಂದರ ಹಿಂದೆ ಒಂದು ಹಸಿರಾಗಿ ಹತ್ತಿಕೊಂಡವು. ಬಿಲ್ಡನ್ನು ಫೋನಿನ ತಂತಿಯ ಮೇಲೇ ಕಳಿಸುವ ಅನುಕೂಲ ಆಗಷ್ಟೇ ಬಂದಿತ್ತು, ಕಳಿಸಿಯೂ ಆಯಿತು. ನಾನು ಹೆಲ್ಮೆಟ್ಟು ಹಿಡಿದುಕೊಂಡು ನಿಂತೇ ಇದ್ದೆ.

"ಚೂಕ ಝಾಲೀ, ಪಣ ಕಿತೀ ಪಟಕನ ನೀಟ ಕೇಲೀ!" ಎಂದು ಸಾಹೇಬರು ಬೆರಗಾದರು. ತಪ್ಪಾಯಿತು, ಆದರೆ ಎಷ್ಟು ಬೇಗ ಸರಿಮಾಡಿದರು ನೋಡಿ ಎಂದು. ಇಷ್ಟು ವರ್ಷ ತಪ್ಪು ಮಾಡದೆ ದುಡಿದ ನನಗೆ ಸಿಗದ ಹೊಗಳಿಕೆ ಅವರಿಗೆ ತಪ್ಪು ಮಾಡಿದ್ದಕ್ಕೆ ಸಿಕ್ಕಿತು. ಅಲ್ಲಿಗೂ ಮುಗಿಯಲಿಲ್ಲ. ಮರುದಿನ ರಾಂಜಣಗಾಂವದ ಗೇಟಿನಿಂದ ಫೋನು. ನಮ್ಮ ಚೀಟಿಯ ಮೇಲಿದ್ದ ಶ್ರೀ ಎಲ್ಲಿ ಹೋಯಿತು ಎಂದು ತಕರಾರು! ಪಕ್ಕದಲ್ಲೇ ಗಣಪತಿಯ ದೇವಸ್ಥಾನ, ಬಹಳ ಡ್ರೈವರುಗಳಿಗೆ ಅದು ಒಂದೇ ದಿನದಲ್ಲಿ ಹಿಡಿಸಿಬಿಟ್ಟಿತ್ತಂತೆ. ಅವರು ನಗುತ್ತ ರಾಂಜಣಗಾಂವದ ಕೆಳಗೂ ಒಂದು ಸಾಲು ಸೇರಿಸಿದರು. ಅಂದರೆ ಅವರ ತಪ್ಪಿಗೂ ಗಿರಾಕಿಗಳಿದ್ದರು. ಆ ಸಂಜೆ ಹೆಂಡತಿ ಸವತಿಯ ಸುದ್ದಿ ಕೇಳಲಿಲ್ಲ. ನನ್ನ ಮುಖ ನೋಡಿ ಸುಮ್ಮನೆ ಊಟಕ್ಕೆ ಬಡಿಸಿದಳು.

ಇದೆಲ್ಲ ಹೇಗೋ ನುಂಗಿಕೊಂಡೆ. ನುಂಗಲಾಗದ್ದು ಒಂದು ಫೋನು. ಈರುಳ್ಳಿಯ ಸುಗ್ಗಿಯ ದಿನಗಳು. ಬಿಲ್ಡು ತಂತಿಯ ಮೇಲೇ ಹೋಗತೊಡಗಿ ನನ್ನ ಶಿರೂರಿನ ಓಡಾಟ ನಿಂತಿತ್ತು. ರಿಸೀವರ್ ಎತ್ತಿದರೆ ಶಿರೂರಿನ ಶೇಠರ ದನಿ. ಬಹಳ ದಿನದ ಮೇಲೆ ಕೇಳಿದ ದನಿ, ನಾನು ಉಬ್ಬಿಹೋಗಿ ಕ್ಷೇಮಸಮಾಚಾರ ಶುರುಮಾಡಿದೆ. ಅವರು ಎಲ್ಲದಕ್ಕೂ ಹೂಂಗುಟ್ಟಿ, ಕೊನೆಗೆ ಮೆಲ್ಲಗೆ "ಬಾಯೀ ಆಹೇತ ಕಾ?" ಎಂದು ಕೇಳಿದರು. ಆ ಬಾಯಿಯವರು, ಎಂದರೆ ಮೇಡಮ್ಮಾರು, ಇದ್ದಾರಾ ಎಂದು! ನನ್ನ ಶೇಠರು... ನಾನು ರಿಸೀವರನ್ನು ಮೇಜಿನ ಆಚೆಗೆ ಚಾಚಿದೆ. ಅವರಿಬ್ಬರೂ ಪ್ರಿಂಟರಿನ ಬಗ್ಗೆ ಏನೋ ಮಾತಾಡಿಕೊಂಡರು. ನನಗೆ ಕೇಳಿಸಲಿಲ್ಲ, ಕಿವಿಯೇ ಬಿಸಿಯಾಗಿತ್ತು.

ಅವರು ಫೋನಿಟ್ಟು ಹಲಗೆಯತ್ತ ನೋಡಿದರು. ಆಮೇಲೆ, "ಶಿರೂರಿನದ್ದು ಇಲ್ಲಿ ಕೂತು ಹಸಿರು ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎಂದರು. "ಅಂಥ ಪ್ರಿಂಟರು ನಮ್ಮಲ್ಲಿ ಇಲ್ಲ. ಅಕ್ಷರ ಸರಿ ಬಿದ್ದಿದಾ ಅಂತ ಯಾರಾದ್ರೂ ಅಲ್ಲೇ ಹೋಗಿ ನೋಡ್ಬೇಕು. ನೀವು ಹೋಗಿ ಬನ್ನಿ."

ಮರುವಾರ ಎಲೆಕ್ಟ್ರಿಶಿಯನ್ನು ಮತ್ತೆ ಬಂದ. ನನ್ನ ಮೇಜಿನ ಅಂಚಿಗೆ ಮನೆಯ ಕರೆಗಂಟೆಗೆ ಇರುತ್ತದಲ್ಲ, ಅಂಥ ಒಂದು ಗುಂಡಿಯನ್ನು ಸ್ಕ್ರೂ ಹಾಕಿ ಕೂರಿಸಿದ. ಉಳಿದ ಊರುಗಳ ಹಸಿರು ಬಲ್ಬು ತಾನಾಗಿ ಹತ್ತುತ್ತಿತ್ತು. ಶಿರೂರಿನದು ಮಾತ್ರ, ನಾನು ಹೊಸ ಬಿಲ್ಡನ್ನು ಒಯ್ದು, ಚೀಟಿ ನೋಡಿ ಬಂದು, ಆ ಗುಂಡಿ ಒತ್ತುವವರೆಗೂ ಆರಿಯೇ ಇರುತ್ತಿತ್ತು. ಆಮೇಲೆ ಬಂದ ಪುಸ್ತಕಗಳಲ್ಲಿ ಇಂಥದ್ದಕ್ಕೆ ದೊಡ್ಡ ಹೆಸರುಗಳನ್ನು ಓದಿದ್ದೇನೆ, ಮನುಷ್ಯ ಒಪ್ಪಿಗೆ ಕೊಡುವ ಹಂತ ಎಂದೆಲ್ಲ. ನಮ್ಮಲ್ಲಿ ಅದು ಕರೆಗಂಟೆಯ ಗುಂಡಿ.

ಅದು ನಿಜವಾಗಿಯೂ ಪ್ರಿಂಟರಿಗಾಗಿ ಮಾಡಿದ್ದೋ, ನನ್ನ ಸಣ್ಣಗಾದ ಮುಖ ನೋಡಿ ಮಾಡಿದ್ದೋ... ಎಷ್ಟೋ ಸಲ ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಕನಿಕರವಾಗಿದ್ದರೆ ನನಗೆ ಬೇಡವಾಗಿತ್ತು. ಹಾಗೆಂದು ಗುಂಡಿಯನ್ನು ಕೀಳಿಸಲೂ ಇಲ್ಲ. ಮತ್ತೆ ಎಸ್.ಟಿ. ಬಸ್ಸು, ಮತ್ತೆ ಕಾನಡೀ ಸಾಹೇಬ, ಮತ್ತೆ ಚಹಾ. ವಾಪಸು ಬಂದು, ಆಫೀಸಿನಲ್ಲಿ ಎಲ್ಲರೂ ಇದ್ದಾಗಲೇ ಗುಂಡಿ ಒತ್ತುತ್ತಿದ್ದೆ. ಶಿರೂರು ಹಸಿರಾಗುತ್ತಿತ್ತು. ಎದುರಿನ ಮೇಜಿನಿಂದ ಅವರು ಹಲಗೆ ನೋಡಿ, "ಬಂತು ನಿಮ್ಮ ಶಿರೂರು," ಎನ್ನುತ್ತಿದ್ದರು. ಅಷ್ಟು ಕೇಳಲಿಕ್ಕಾಗಿಯೇ ಕೆಲವು ಸಲ ಬೇಗ ಬಸ್ಸು ಹಿಡಿದು ಬಂದದ್ದಿದೆ.

ಕೆಲವು ವರ್ಷಗಳ ಮೇಲೆ ಅವರ ತಂದೆಗೆ ಲಕ್ವ ಹೊಡೆಯಿತು. ಅವರಿಗಿಂತ ಬಹಳ ಚಿಕ್ಕವನಾದ ತಮ್ಮ ಇನ್ನೂ ಓದುತ್ತಿದ್ದ. ಅವರು ಕೆಲಸ ಬಿಟ್ಟು ಹೋಟೆಲಿನ ಗಲ್ಲಾದ ಮೇಲೆ ಕೂತರು. ಹೋಗುವ ದಿನ ಹಲಗೆಯ ಮೇಲಿನ ಧೂಳು ಒರೆಸಿ, "ನೋಡ್ಕೊಳ್ಳಿ," ಎಂದರು. ನನ್ನ ಸಿಂಹಾಸನ ನನಗೆ ವಾಪಸು ಬಂದಿತ್ತು. ಕೂತು ನೋಡಿದರೆ ಎದುರಿನ ಮೇಜು ಖಾಲಿ. ಹೊಟ್ಟೆಕಿಚ್ಚು ಪಡಲು ಯಾರೂ ಇಲ್ಲದ ಆಫೀಸು ಎಷ್ಟು ಸಪ್ಪೆ ಎಂದು ಆಗ ತಿಳಿಯಿತು.

ಹೊಸ ಊರು ಸೇರಿದಾಗಲೆಲ್ಲ ಏನಾದರೊಂದು ಗಂಟು ಬೀಳುತ್ತಿತ್ತು. ಶನಿವಾರ ಹೋಟೆಲಿಗೆ ಹೋಗುತ್ತಿದ್ದೆ. ಗಲ್ಲಾದ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಕೂರಿಸಿ ಕಾಫಿ ತರಿಸುತ್ತಿದ್ದರು. ಗಿರಾಕಿಗಳಿಗೆ ಚಿಲ್ಲರೆ ಎಣಿಸಿ ಕೊಡುತ್ತಲೇ ನನ್ನ ಗಂಟು ಕೇಳಿಸಿಕೊಂಡು, "ಅದು ಎಲ್ಲರದ್ದಾ, ಒಬ್ಬರದ್ದಾ?" ಎನ್ನುತ್ತಿದ್ದರು. ಗಂಟು ಅಲ್ಲೇ ಸಡಿಲವಾಗುತ್ತಿತ್ತು. ಕ್ರಮೇಣ ಗಂಟು ಇಲ್ಲದಿದ್ದರೂ ಹೋಗತೊಡಗಿದೆ. ಕಂಪನಿಯನ್ನು ದೊಡ್ಡವರು ಕೊಂಡುಕೊಂಡು, ಹಲಗೆಯನ್ನು ಗೋಡೆಯಿಂದ ಇಳಿಸಿ ಮೂಲೆಗೆ ಒರಗಿಸಿದ ದಿನ ನಾನು ಅದನ್ನು ರಿಕ್ಷಾದಲ್ಲಿ ಹಾಕಿಕೊಂಡು ಮನೆಗೆ ತಂದೆ. ಗುಂಡಿ ಮೇಜಿನ ಜೊತೆಗೇ ಹೋಯಿತು. ಹಲಗೆ ನನ್ನ ಹತ್ತಿರ ಇದೆ ಎಂದು ಅವರಿಗೆ ಹೇಳಿದಾಗ ಜೋರಾಗಿ ನಕ್ಕರು. "ಅಟ್ಟದ ಮೇಲೆ ಉತ್ತಪ್ಪ ಇಟ್ಕೊಂಡಿದ್ದೀರಿ ಅನ್ನಿ," ಎಂದರು.

ಆ ಶನಿವಾರಗಳು ನನ್ನವು ಎಂದುಕೊಂಡಿದ್ದೆ. ಹಳೆಯ ಆಫೀಸಿನವರಲ್ಲಿ ಅವರನ್ನು ನೆನಪಿಟ್ಟುಕೊಂಡು ಬರುವವನು ನಾನೊಬ್ಬನೇ ಎಂದು ನನ್ನ ಒಳಗೇ ಒಂದು ಹೆಮ್ಮೆ ಇತ್ತು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕಾಯಿಲೆ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ಹೇಳಿದರೆ ಅವಳು ಅಡಿಗೆಮನೆಯಲ್ಲೇ ಕೂತು ಅತ್ತಳು. ಹದಿಮೂರನೆಯ ದಿನದ ಊಟಕ್ಕೆ ಇಬ್ಬರೂ ಹೋದೆವು. ಹೋಟೆಲಿನ ಮೇಲಿನ ಹಾಲಿನಲ್ಲಿ ಎಲೆ ಹಾಕಿದ್ದರು. ನನ್ನ ಪಕ್ಕದಲ್ಲಿ ಬಂದು ಕೂತವರು ನಮ್ಮ ಹಳೆಯ ಸಾಹೇಬರು, ಕೈಯಲ್ಲಿ ಕೋಲು ಬಂದಿತ್ತು. ಪ್ರತಿ ಗುರುವಾರ ದತ್ತನ ದೇವಸ್ಥಾನ ಮುಗಿಸಿಕೊಂಡು ಇಲ್ಲಿಗೆ ಬಂದೇ ಮನೆಗೆ ಹೋಗುತ್ತಿದ್ದೆ ಎಂದರು. ಎದುರಿನ ಸಾಲಿನಲ್ಲಿ ಶಿರೂರಿನ ಶೇಠರ ಮಗ. ಅಪ್ಪ ಇರುವವರೆಗೂ ಪುಣೆಗೆ ಬಂದರೆ ಬಾಯಿಯವರ ಕಾಫಿ ಕುಡಿಯದೆ ಲಾರಿ ಹತ್ತುತ್ತಿರಲಿಲ್ಲ ಎಂದ. ರಾಂಜಣಗಾಂವದ ಗೇಟಿನಲ್ಲಿದ್ದವರು ನಿವೃತ್ತರಾದ ಮೇಲೂ ಬರುತ್ತಿದ್ದರಂತೆ. ಎಲ್ಲರೂ ಅದೇ ಸ್ಟೂಲಿನ ಮೇಲೆ ಕೂತವರು. ಒಬ್ಬರ ಸುದ್ದಿಯನ್ನು ಅವರು ಇನ್ನೊಬ್ಬರಿಗೆ ಹೇಳಿರಲಿಲ್ಲ.

ಎಲೆಯ ಮುಂದೆ ಕೂತು ನನಗೆ ಮತ್ತೆ ಆ ಮೆಣಸಿನಕಾಯಿಯ ಉರಿ. ಆಗ ಅವರು ನನ್ನ ಜಾಗಕ್ಕೆ ಬಂದರೆಂದು ಉರಿದಿದ್ದೆ. ಈಗ ಅವರಲ್ಲಿ ನನಗಿದ್ದ ಜಾಗದಲ್ಲಿ ಇಷ್ಟು ಜನ ಕೂತಿದ್ದರೆಂದು ಉರಿಯಿತು. ಸಾಹೇಬರ ಕಣ್ಣಲ್ಲಿ ನೀರು ಬಂದರೂ ನನಗೆ ಸಿಟ್ಟು. 'ಇದು ಎಲ್ಲರದ್ದಾ, ಒಬ್ಬರದ್ದಾ' ಎಂದು ಅವರು ನನ್ನನ್ನು ಸಾವಿರ ಸಲ ಕೇಳಿದ್ದರು. ನಾನು ಅವರನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದರೋ... ಎಲೆಯ ಮೇಲಿನ ಪಾಯಸ ಆರಿಹೋಯಿತು.

ಇವತ್ತು ಹಲಗೆಯನ್ನು ಟೇಬಲ್ಲಿನ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಹೆಂಡತಿ ಬಂದು ನೋಡಿದಳು. "ಕೊಟ್ಟ ಬರ್ರಿ. ಅಕಿ ಎಲ್ಲಾರಿಗೂ ಬೇಕಾದಾಕಿ," ಎಂದಳು. ಸವತಿ ಎನ್ನಲಿಲ್ಲ. ನಾನು ಪೇಟೆಗೆ ಹೋಗಿ ಸುಟ್ಟ ಬಲ್ಬುಗಳಿಗೆ ಬದಲು ಹೊಸವು ತಂದೆ. ಅವರು ಬರೆದು ಅಂಟಿಸಿದ್ದ ಹೆಸರುಗಳ ಪಟ್ಟಿಗಳಲ್ಲಿ ಎದ್ದು ಬಂದಿದ್ದವನ್ನು ಮತ್ತೆ ಒತ್ತಿ ಕೂರಿಸಿದೆ. ನಾಳೆ ಒಯ್ದು ಕೊಟ್ಟು ಬರುತ್ತೇನೆ. ಅವರ ಫೋಟೋದ ಕೆಳಗೆ ಎಲ್ಲ ಊರುಗಳೂ ಉರಿಯಲಿ, ಸಾಹೇಬರು ಗುರುವಾರ ಬಂದು ನೋಡಲಿ.

ಶಿರೂರಿನ ಹಸಿರು ಬಲ್ಬನ್ನು ಮಾತ್ರ ಬಿಚ್ಚಿ ನನ್ನ ಅಂಗಿಯ ಜೇಬಿಗೆ ಹಾಕಿಕೊಂಡಿದ್ದೇನೆ. ಬಿಚ್ಚಿದ ಮೇಲೆ ತಂತಿ ಸಿಕ್ಕಿಸಿ ಪರೀಕ್ಷೆ ಮಾಡಿದೆ. ಒಂದು ಬಲ್ಬು ಇಲ್ಲದಿದ್ದರೂ ಉಳಿದವೆಲ್ಲ ಉರಿದವು. ಅವರು ಅದನ್ನು ಕಟ್ಟಿಸಿದ್ದೇ ಹಾಗೆ.